ಮೊದಲ ತುತ್ತು

ಹಾಸ್ಟೆಲ್ ನೆನಪುಗಳ ಬಗ್ಗೆ ಏನಾದರೂ ಬರೆದುಕೊಡಿ ಅಂತ ಕನ್ನಡ ಸಂಘದವರು ಕೇಳಿದಾಗ ನಾವು ಮೂವರಿಗೂ ಮೊದಲು ಹೊಳೆದದ್ದು ಮೆಸ್ಸಿನ ಸಾಂಬಾರು. ಅದರ ಬಗ್ಗೆ ಹಿಂದಿನ ಬ್ಯಾಚಿನವರು ಸಾಕಷ್ಟು ಬರೆದಿದ್ದಾರೆ, ಸಾಂಬಾರು ಮಾತ್ರ ಬದಲಾಗಿಲ್ಲ. ಹಾಗಾಗಿ ಎರಡು ವರ್ಷದಿಂದ ನಮ್ಮೊಳಗೇ ಇಟ್ಟುಕೊಂಡಿದ್ದ ಬೇರೊಂದು ವಿಷಯ ಬರೆಯೋಣ ಅಂದುಕೊಂಡೆವು. ಬರೆಯುವ ಮುಂಚೆ ಅವನನ್ನು ಕೇಳಿದೆವು. "ಬರೀರಿ. ಆದ್ರ ಮೊದಲ ನನಗ ತೋರಸ್ರಿ. ನಾ ಒಲ್ಲೆ ಅಂದ್ರ ಹಾಕಬಾರದು" ಅಂದ. ಅವನು ಯಾಕೆ ಹಾಗೆ ಕೇಳಿದ ಅನ್ನೋದು ಈ ಬರಹ ಮುಗಿಯೋ ಹೊತ್ತಿಗೆ ನಿಮಗೂ ಗೊತ್ತಾಗುತ್ತೆ.

ಅವನ ಹೆಸರು ಬೇಡ. ಇಡೀ ವಿಂಗಿನಲ್ಲಿ ಅವನನ್ನು ಕರೆಯುತ್ತಿದ್ದದ್ದು ಮೇಷ್ಟ್ರು ಅಂತ. ಸಿಗ್ನಲ್ಸ್ ಪೇಪರಿನ ಹಿಂದಿನ ರಾತ್ರಿ ಹದಿನೈದು ಜನರನ್ನು ಕೂರಿಸಿಕೊಂಡು, ಬಾಗಿಲ ಹಿಂದಿನ ಬಿಳಿ ಹಲಗೆ ಮೇಲೆ ಫೂರಿಯೇ ಸರಣಿ ಹೇಳಿಕೊಡುತ್ತಿದ್ದವನು. ನಮ್ಮಲ್ಲಿ ಇಬ್ಬರು ಆ ಸೆಮ್ ಪಾಸಾಗಿದ್ದೇ ಅವನಿಂದ.

ನಾಲ್ಕನೇ ಸೆಮ್ಮಿನ ಮಧ್ಯದಲ್ಲಿ ಮೇಷ್ಟ್ರು ನಿದ್ದೆ ಮಾಡುವುದನ್ನು ಬಿಟ್ಟ. ಮೊದಮೊದಲು ಓದುತ್ತಿದ್ದಾನೆ ಅಂದುಕೊಂಡೆವು. ಆಮೇಲೆ ಕಿಟಕಿಗೆ ಪೇಪರ್ ಅಂಟಿಸಿದ. ಫೋನ್ ಸ್ವಿಚ್ ಆಫ್ ಮಾಡಿ ಬಕೆಟ್ಟಿನ ಕೆಳಗೆ ಬೋರಲು ಹಾಕಿದ. ಒಂದು ದಿನ ಮೆಸ್ಸಿನಲ್ಲಿ ತಟ್ಟೆ ತಳ್ಳಿ ಎದ್ದು ಬಂದು, "ಊಟದಾಗ ಏನೋ ಕಲಸಾಕತ್ತಾರ" ಅಂದ. ಅವತ್ತಿನಿಂದ ಬಾಳೆಹಣ್ಣು ಮತ್ತೆ ಸೀಲ್ ಒಡೆಯದ ಬಿಸ್ಕತ್ತು ಅಷ್ಟೇ.

ನಾವು ಒಂದು ಉಪಾಯ ಮಾಡಿದೆವು. ಮೆಸ್ಸಿನಿಂದ ತಟ್ಟೆ ರೂಮಿಗೆ ತಂದು, ಅವನ ಎದುರಿಗೇ ನಮ್ಮಲ್ಲೊಬ್ಬರು ಮೊದಲ ತುತ್ತು ತಿನ್ನೋದು. ಎರಡು ನಿಮಿಷ ನೋಡೋನು. ನಮಗೇನೂ ಆಗಲಿಲ್ಲ ಅಂದರೆ ತಾನು ಉಣ್ಣೋನು. ಹೀಗೆ ಹತ್ತು ದಿನ ನಡೀತು. ಆ ಹತ್ತು ದಿನ ಅವನು ಜಗತ್ತಿನಲ್ಲಿ ನಂಬುತ್ತಿದ್ದದ್ದು ನಮ್ಮ ಮೂವರನ್ನು ಮಾತ್ರ.

ವಾರ್ಡನ್ ಫೋನ್ ಮಾಡಿ ಅವನ ಅಪ್ಪನನ್ನು ಕರೆಸಿದರು. ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಬಂದಿಳಿದರು. ಮಗ ಅವರ ಹತ್ತಿರ ಮಾತೇ ಆಡಲಿಲ್ಲ, ಆಸ್ಪತ್ರೆ ಅಂದ ಕೂಡಲೇ ಬಾಗಿಲು ಹಾಕಿಕೊಂಡ. ಕಾಕಾ ನಮ್ಮನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋಗಿ ಜೇಬಿನಿಂದ ಒಂದು ಮಾತ್ರೆ ಶೀಟ್ ತೆಗೆದರು. ಊರಲ್ಲಿ ಒಬ್ಬ ಡಾಕ್ಟರಿಗೆ ಲಕ್ಷಣ ಹೇಳಿ ಬರೆಸಿಕೊಂಡು ಬಂದದ್ದು. ಆ ಡಾಕ್ಟರ್ ಮೇಷ್ಟ್ರನ್ನು ನೋಡಿಯೇ ಇರಲಿಲ್ಲ. "ನಿಮ್ಮ ಕೈಯಿಂದ ಅಂದ್ರ ಉಣ್ತಾನ್ರಪಾ. ಪುಡಿ ಮಾಡಿ ಊಟದಾಗ ಕಲಸಿ ಕೊಡ್ರಿ. ಅಂವಗ ಹೇಳಬ್ಯಾಡ್ರಿ" ಅಂದರು. ಅವರ ಕಣ್ಣು ಕೆಂಪಾಗಿತ್ತು. ನಮಗೆ ಆಗ ಹತ್ತೊಂಬತ್ತು, ಇಪ್ಪತ್ತು ವರ್ಷ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಿಜ ಹೇಳಬೇಕಂದರೆ ಇಲ್ಲ ಅನ್ನಬೇಕು ಅಂತಲೂ ಅನ್ನಿಸಲಿಲ್ಲ. ಒಳ್ಳೇದಕ್ಕೇ ಅಲ್ವಾ?

ಸ್ಟೀಲ್ ಲೋಟದ ತಳದಿಂದ ಮಾತ್ರೆ ಅರೆದು ಮೊಸರನ್ನಕ್ಕೆ ಕಲಸಿದೆವು. ಆ ರಾತ್ರಿ ಮೊದಲ ತುತ್ತು ಯಾರೂ ತಿನ್ನಲಿಲ್ಲ. ಮೆಸ್ಸಿನಲ್ಲೇ ತಿಂದು ಬಂದ್ವಿ ಅಂತ ಸುಳ್ಳು ಹೇಳಿದೆವು. ಅವನು ಉಂಡ. ಮರುದಿನವೂ ಉಂಡ.

ಮೂರನೇ ದಿನ ಮಧ್ಯಾಹ್ನ ರೂಮಿನಿಂದ ಒಂಥರಾ ಶಬ್ದ ಬಂತು. ಹೋಗಿ ನೋಡಿದರೆ ಅವನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ಬಿಗಿದುಹೋಗಿತ್ತು. ದವಡೆ ಗಟ್ಟಿಯಾಗಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಆ ತೊದಲು ನಾಲಿಗೆಯಲ್ಲೇ, "ಹೇಳಿದ್ದಿಲ್ಲೇನ್ರಲೇ, ಏನೋ ಹಾಕ್ಯಾರ ಅಂತ" ಅಂದ.

ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಅವನನ್ನು ಒಮ್ಮೆ ನೋಡಿ ನಮ್ಮ ಕಡೆ ತಿರುಗಿದರು. "ಏನು ಮಾತ್ರೆ ತಗೊಂಡಿದ್ದಾನೆ?" ನಮ್ಮಲ್ಲೊಬ್ಬ ಜೇಬಿನಿಂದ ಶೀಟ್ ತೆಗೆದು ಕೊಟ್ಟ. ಮೇಷ್ಟ್ರು ಅದನ್ನು ನೋಡಿದ. ಈ ಥರದ ಕೆಲವು ಮಾತ್ರೆಗಳಿಂದ ಮೊದಲ ಕೆಲವು ದಿನಗಳಲ್ಲಿ ಸ್ನಾಯು ಹೀಗೆ ಬಿಗಿದುಕೊಳ್ಳಬಹುದು, ಚಿಕ್ಕ ವಯಸ್ಸಿನ ಗಂಡಸರಲ್ಲಿ ಇನ್ನೂ ಹೆಚ್ಚು ಅಂತ ಡಾಕ್ಟರ್ ಹೇಳಿದರು. ಒಂದು ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸಡಿಲವಾಯಿತು. ಆದರೆ ಅವನು ನಮ್ಮ ಕಡೆ ತಿರುಗಲಿಲ್ಲ. ಆಮೇಲೆ ನೀರು ಕೊಟ್ಟರೂ ಕುಡಿಯಲಿಲ್ಲ.

ಯಾರೋ ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಅನ್ನೋದು ಅವನ ಕಾಯಿಲೆಯಾಗಿತ್ತು. ಅದನ್ನು ನಾವು ನಿಜ ಮಾಡಿಬಿಟ್ಟಿದ್ದೆವು.

ಮರುದಿನ ಮನೋವೈದ್ಯರು ಬಂದರು, ಐವತ್ತರ ಆಸುಪಾಸಿನ ಒಬ್ಬ ಮೇಡಮ್. ಅವರು ಅವನ ಎದುರು ಸ್ಟೂಲ್ ಎಳೆದುಕೊಂಡು ಕೂತು ಹೇಳಿದ ಮಾತು ನಮಗಿನ್ನೂ ನೆನಪಿದೆ. "ನೋಡಪ್ಪ, ನೀನು ಬೇಡ ಅಂದ್ರೂ ಇವತ್ತು ಔಷಧಿ ಕೊಡ್ತೀವಿ. ನೀನು ನೀರೂ ಕುಡೀತಿಲ್ಲ, ಹೀಗೇ ಬಿಟ್ರೆ ಜೀವಕ್ಕೆ ಅಪಾಯ. ಆದರೆ ಏನು ಕೊಡ್ತೀವಿ, ಯಾಕೆ ಕೊಡ್ತೀವಿ, ಅದರಿಂದ ಏನೇನು ತೊಂದರೆ ಆಗಬಹುದು, ಎಲ್ಲಾ ನಿನಗೆ ಹೇಳಿಯೇ ಕೊಡ್ತೀವಿ. ಇದು ಸರಿಯಿಲ್ಲ ಅನ್ನಿಸಿದ್ರೆ ಯಾರಿಗೆ ದೂರು ಕೊಡಬೇಕು ಅಂತನೂ ಹೇಳ್ತೀನಿ."

ನಮಗೆ ಆಶ್ಚರ್ಯ ಆಯ್ತು. ಬಲವಂತವಾಗಿ ಔಷಧಿ ಕೊಡೋರು ದೂರಿನ ವಿಳಾಸ ಯಾಕೆ ಕೊಡ್ತಾರೆ? ಸಿನಿಮಾದಲ್ಲಿ ನೋಡಿದಂತೆ ಕೋರ್ಟ್ ಆದೇಶ ಬೇಕಾಗುತ್ತೆ, ಇಲ್ಲಾಂದ್ರೆ ನಾಲ್ಕು ಜನ ಹಿಡಿದು ಚುಚ್ಚುತ್ತಾರೆ, ಇವೆರಡೇ ನಮಗೆ ಗೊತ್ತಿದ್ದದ್ದು. ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಕಾನೂನು ಓದತೊಡಗಿದೆವು. ಎಂಜಿನಿಯರಿಂಗ್ ಹುಡುಗರು ಕಾನೂನು ಓದಿದ್ದು ಅದೇ ಮೊದಲು. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

1987ರ ಕಾಯಿದೆಯಲ್ಲಿ, ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ಆದೇಶ ಮಾಡಿ ಒಬ್ಬರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುವ ದಾರಿ ಇತ್ತು. ಅದರ ಜಾಗಕ್ಕೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಜಾರಿಯಾದದ್ದು 2018ರ ಮೇ ತಿಂಗಳಲ್ಲಿ. ಈಗ ಮ್ಯಾಜಿಸ್ಟ್ರೇಟ್ ಒಬ್ಬರನ್ನು ಪರೀಕ್ಷೆಗೆ ಅಂತ ಆಸ್ಪತ್ರೆಯಲ್ಲಿ ಇರಿಸಬಹುದಾದದ್ದು ಹೆಚ್ಚೆಂದರೆ 10 ದಿನ. ಒಪ್ಪಿಗೆಯಿಲ್ಲದೆ ಸೇರಿಸಬೇಕಾದರೆ 89ನೇ ಕಲಮು ಇದೆ. ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರೋ ತಜ್ಞರೋ ಬೇರೆ ಬೇರೆಯಾಗಿ ನೋಡಿರಬೇಕು. ತನಗೋ ಇತರರಿಗೋ ಅಪಾಯ ಇರಬೇಕು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ರೋಗಿಯ ಪರವಾಗಿ ಅವನ ಪ್ರತಿನಿಧಿ ಒಪ್ಪಿಗೆ ಕೊಡಬಹುದು, ಆದರೆ ತಾತ್ಕಾಲಿಕವಾಗಿ ಮಾತ್ರ. ತೀರ್ಮಾನ ಮಾಡುವ ಶಕ್ತಿ ರೋಗಿಗೆ ಮರಳಿದೆಯೇ ಅಂತ 7 ದಿನಕ್ಕೊಮ್ಮೆ ನೋಡಬೇಕು. ಇದೆಲ್ಲ 30 ದಿನದವರೆಗೆ. ಸೇರಿಸಿದ ವಿಷಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, ಅದರ ಅಧ್ಯಕ್ಷತೆ ನ್ಯಾಯಾಂಗದವರದ್ದು. ನನ್ನನ್ನು ಸೇರಿಸಿದ್ದು ತಪ್ಪು ಅಂತ ರೋಗಿಯೇ ಅಲ್ಲಿಗೆ ಅರ್ಜಿ ಹಾಕಬಹುದು. ಮೇಡಮ್ ಕೊಟ್ಟ ವಿಳಾಸ ಆ ಮಂಡಳಿಯದ್ದು.

ಅದೇ ಕಾಯಿದೆಯ 4ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಒಬ್ಬರು ತಮ್ಮ ಚಿಕಿತ್ಸೆಯ ಬಗ್ಗೆ ಮಾಡಿದ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಿತು ಅನ್ನುವ ಒಂದೇ ಕಾರಣಕ್ಕೆ, ಅವರಿಗೆ ತೀರ್ಮಾನ ಮಾಡುವ ಶಕ್ತಿಯೇ ಇಲ್ಲ ಅನ್ನುವಂತಿಲ್ಲ. ಒಳ್ಳೇದಾಯ್ತು. ತಪ್ಪು ತೀರ್ಮಾನವೇ ಹುಚ್ಚಾಗಿದ್ದರೆ ಇಂಟರ್ನಲ್ಸ್ ಹಿಂದಿನ ರಾತ್ರಿ ಐಪಿಎಲ್ ನೋಡಿದ ಇಡೀ ವಿಂಗನ್ನು ಸೇರಿಸಬೇಕಾಗುತ್ತಿತ್ತು.

ಕೋರ್ಟೇ ನೇರವಾಗಿ ಔಷಧಿಗೆ ಆದೇಶ ಕೊಡುವುದು ಎಲ್ಲಿಯಾದರೂ ಉಂಟೇ ಅಂತ ಹುಡುಕಿದಾಗ ಸಿಕ್ಕಿದ್ದು ಅಮೆರಿಕದ ಚಾರ್ಲ್ಸ್ ಸೆಲ್ ಪ್ರಕರಣ. ಸೇಂಟ್ ಲೂಯಿಸ್ ಊರಿನ ದಂತವೈದ್ಯ. ಸುಳ್ಳು ವಿಮಾ ಬಿಲ್ ಕೊಟ್ಟ ಅಂತ 1997ರಲ್ಲಿ ಆರೋಪ ಬಂತು, ಆಮೇಲೆ ಇನ್ನೂ ಗಂಭೀರ ಆರೋಪಗಳು ಸೇರಿದವು. ಅವನಿಗೆ ಭ್ರಮೆಯ ಕಾಯಿಲೆ ಇತ್ತು, ವಿಚಾರಣೆ ಎದುರಿಸುವ ಸ್ಥಿತಿಯಲ್ಲಿರಲಿಲ್ಲ. ಔಷಧಿ ಕೊಟ್ಟು ವಿಚಾರಣೆಗೆ ತಯಾರು ಮಾಡೋಣ ಅಂತ ಸರ್ಕಾರ, ಬೇಡ ಅಂತ ಅವನು. ಇದು ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2003ರ ಜೂನ್‌ನಲ್ಲಿ 6–3 ಬಹುಮತದ ತೀರ್ಪು ಬಂತು. ಹೀಗೆ ಬಲವಂತ ಮಾಡಬಹುದು, ಆದರೆ ನಾಲ್ಕು ಷರತ್ತು ಪೂರೈಸಿದರೆ ಮಾತ್ರ. ಸರ್ಕಾರಕ್ಕೆ ನಿಜವಾಗಿ ಮಹತ್ವದ ಉದ್ದೇಶ ಇರಬೇಕು. ಔಷಧಿಯಿಂದ ಅವನು ವಿಚಾರಣೆಗೆ ತಯಾರಾಗುವ ಸಾಧ್ಯತೆ ಬಲವಾಗಿರಬೇಕು, ಅಡ್ಡಪರಿಣಾಮದಿಂದ ವಿಚಾರಣೆಗೇ ತೊಂದರೆ ಆಗಬಾರದು. ಇದಕ್ಕಿಂತ ಕಡಿಮೆ ಬಲವಂತದ ದಾರಿ ಇರಬಾರದು. ಔಷಧಿ ಅವನ ಆರೋಗ್ಯಕ್ಕೂ ಒಳ್ಳೆಯದಾಗಿರಬೇಕು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲ್ಕು ಇನ್‌ಪುಟ್ಟಿನ ಆಂಡ್ ಗೇಟ್. ಒಂದು ಸೊನ್ನೆಯಾದರೂ ಔಟ್‌ಪುಟ್ ಸೊನ್ನೆ. ಹಾಸ್ಟೆಲ್ ಕಾರಿಡಾರಿನಲ್ಲಿ ನಾವು ಹಾಕಿದ್ದು ಆರ್ ಗೇಟ್. "ಒಳ್ಳೇದಕ್ಕೇ ಅಲ್ವಾ" ಅನ್ನುವ ಒಂದೇ ಇನ್‌ಪುಟ್ ಸಾಕಾಗಿತ್ತು. ಕಡಿಮೆ ಬಲವಂತದ ದಾರಿ ಇದೆಯಾ ಅಂತ ನಾವು ಕೇಳಿಕೊಳ್ಳಲೇ ಇಲ್ಲ. ನಮ್ಮನ್ನು ನಂಬುತ್ತಿದ್ದವನಿಗೆ, "ಬಾರೋ, ಡಾಕ್ಟರ್ ಹತ್ರ ನಾವೂ ಬರ್ತೀವಿ" ಅಂತ ಹೇಳಿ ನೋಡಬಹುದಿತ್ತು. ಹೇಳಿರಲಿಲ್ಲ.

ಇದಕ್ಕೂ ಮುಂಚೆ, 1990ರಲ್ಲಿ, ವಾಷಿಂಗ್ಟನ್ ರಾಜ್ಯದ ವಾಲ್ಟರ್ ಹಾರ್ಪರ್ ಅನ್ನುವ ಕೈದಿಯ ಪ್ರಕರಣದಲ್ಲಿ ಅದೇ ಕೋರ್ಟು, ಅಪಾಯಕಾರಿಯಾದ ಕೈದಿಗೆ ಬಲವಂತದ ಔಷಧಿ ಕೊಡೋಕೆ ನ್ಯಾಯಾಧೀಶರೇ ಬೇಕಿಲ್ಲ, ಜೈಲಿನ ಸಮಿತಿ ಸಾಕು ಅಂದಿತ್ತು. ಆದರೆ ಆ ಸಮಿತಿಯ ಮೂವರಲ್ಲಿ ಯಾರೂ ಆಗ ಅವನಿಗೆ ಚಿಕಿತ್ಸೆ ಕೊಡುತ್ತಿರಬಾರದು. ಕೈದಿಗೆ ಮೊದಲೇ ತಿಳಿಸಬೇಕು. ಅವನು ಎದುರಿಗಿದ್ದು ತನ್ನ ಮಾತು ಹೇಳಬಹುದು, ಸಾಕ್ಷಿಗಳನ್ನು ಪ್ರಶ್ನಿಸಬಹುದು. ದರೋಡೆ ಮಾಡಿ ಜೈಲಿಗೆ ಹೋದವನಿಗೆ ಇಷ್ಟು ಮರ್ಯಾದೆ ಸಿಕ್ಕಿತ್ತು. ನಮಗೆ ಫೂರಿಯೇ ಕಲಿಸಿದವನಿಗೆ ನಾವು ಅದರ ಕಾಲು ಭಾಗವನ್ನೂ ಕೊಡಲಿಲ್ಲ.

ಔಷಧಿ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಮೇಷ್ಟ್ರಿಗೆ ಔಷಧಿಯಿಂದಲೇ ವಾಸಿಯಾಗಿದ್ದು. ಬೇರೆ ಮಾತ್ರೆ, ಸರಿಯಾದ ಪ್ರಮಾಣ, ಎದುರಿಗೇ ಎಣಿಸಿ ಕೊಟ್ಟದ್ದು. ಮೊದಲ ದಿನಗಳಲ್ಲಿ ಅವನ ಒಪ್ಪಿಗೆ ಇರಲಿಲ್ಲ. ಕಾಕಾ ಸಹಿ ಹಾಕಿದ್ದರು, ಅವನು ಕೂಗಾಡಿದ್ದ. ಬಲವಂತ ಅಲ್ಲೂ ಇತ್ತು. ಒಂಬತ್ತನೇ ದಿನ ನರ್ಸ್ ಕೈಯಿಂದ ತಾನೇ ಮಾತ್ರೆ ತೆಗೆದುಕೊಂಡು, "ಇದರ ಹೆಸರೇನು?" ಅಂತ ಕೇಳಿದ. ಕಣ್ಣೆದುರಿನ ಬಲವಂತದ ಜೊತೆ ಜಗಳ ಆಡಬಹುದು, ಅದರ ಮೇಲೆ ಅರ್ಜಿ ಹಾಕಬಹುದು, ಅದಕ್ಕೊಂದು ಕೊನೆಯ ದಿನ ಇರುತ್ತೆ. ಮೊಸರನ್ನದಲ್ಲಿ ಕಲಸಿದ್ದರ ಮೇಲೆ ಯಾವ ಮಂಡಳಿಗೂ ಅರ್ಜಿ ಹಾಕೋಕಾಗಲ್ಲ. ಅದು ಗೊತ್ತಾಗುವುದೇ ಕುತ್ತಿಗೆ ತಿರುಚಿಕೊಂಡಾಗ.

ಒಂದು ಸೆಮ್ ಬಿಟ್ಟು ಅವನು ವಾಪಸ್ ಬಂದ. ಈಗ ನಮಗಿಂತ ಒಂದು ಬ್ಯಾಚ್ ಕೆಳಗೆ. ಹೋದ ವರ್ಷ ನಮ್ಮಲ್ಲಿ ಇಬ್ಬರನ್ನು ಕರೆದು ಒಂದು ಕಾಗದ ಮುಂದಿಟ್ಟ. ಮುಂದೆ ಯಾವತ್ತಾದರೂ ತನಗೆ ಹುಷಾರು ತಪ್ಪಿದರೆ ಹೇಗೆ ನೋಡಿಕೊಳ್ಳಬೇಕು ಅಂತ ಮೊದಲೇ ಬರೆದಿಡುವ ಹಕ್ಕು ಅದೇ ಕಾಯಿದೆಯ 5ನೇ ಕಲಮಿನಲ್ಲಿದೆ. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, ಉಳಿದಂತೆ ವೈದ್ಯರು ಅದನ್ನು ಪಾಲಿಸಬೇಕು. ಪ್ರತಿನಿಧಿಯಾಗಿ ಅವನು ಹೆಸರಿಸಿದ್ದು ತನ್ನ ಅಕ್ಕನನ್ನು. ನಮ್ಮನ್ನು ಕರೆದದ್ದು ಸಾಕ್ಷಿ ಸಹಿಗೆ ಮಾತ್ರ. ಕೊನೆಯ ಸಾಲು ಹೀಗಿತ್ತು: ನನಗೆ ಯಾವ ಔಷಧಿಯನ್ನೂ ಊಟದಲ್ಲಿ ಕಲಸಿ ಕೊಡಬಾರದು. ಸಹಿ ಹಾಕುವಾಗ ಅವನು ನಮ್ಮ ಮುಖ ನೋಡಲಿಲ್ಲ. ನಾವೂ ನೋಡಲಿಲ್ಲ.

ಈ ಬರಹದ ಮೊದಲ ಪ್ರತಿಯನ್ನು ಹೋದ ವಾರ ಅವನಿಗೆ ಕೊಟ್ಟೆವು. ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟ. ಪೆನ್ನಿನಲ್ಲಿ ಒಂದೇ ಕಡೆ ತಿದ್ದಿದ್ದ. ಮೊಸರನ್ನದ ರಾತ್ರಿಯ ಬಗ್ಗೆ ನಾವು, "ಮೊದಲ ತುತ್ತು ಯಾರೂ ತಿನ್ನಲಿಲ್ಲ, ಅವನು ಅದನ್ನು ಗಮನಿಸಲಿಲ್ಲ" ಅಂತ ಬರೆದಿದ್ದೆವು. ಎರಡನೇ ಭಾಗಕ್ಕೆ ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದ: "ನೋಡಿದ್ದೆ. ನೀವ ಅಂತ ಉಂಡೆ."

ಆ ಭಾಗವನ್ನು ತೆಗೆದಿದ್ದೇವೆ.

ಜೂನಿಯರ್ಸ್, ನಿಮ್ಮ ವಿಂಗಿನಲ್ಲೂ ಯಾರಾದರೂ ಊಟ, ನಿದ್ದೆ ಬಿಟ್ಟು ಎಲ್ಲರನ್ನೂ ಅನುಮಾನಿಸೋಕೆ ಶುರು ಮಾಡಿದರೆ ನೀವೇ ಡಾಕ್ಟರಾಗಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ವಾರ್ಡನ್‌ಗೆ ಹೇಳಿ, ಮನೆಯವರನ್ನು ಕರೆಸಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಅವನು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಮನೆಯವರು ಮಾತ್ರೆ ಶೀಟ್ ಕೈಗಿಟ್ಟರೆ ಮಾತ್ರ, "ಇಲ್ಲ ಅಂಕಲ್, ಅವನಿಗೆ ಹೇಳಿಯೇ ಕೊಡೋಣ, ಮೊದಲು ಡಾಕ್ಟರಿಗೆ ತೋರಿಸೋಣ" ಅನ್ನಿ. ನಮಗೆ ಅವತ್ತು ಅಷ್ಟು ಹೇಳೋಕೆ ಬಾಯಿ ಬಂದಿರಲಿಲ್ಲ.