ಕೀಲಿ ಮನ್ಯಾಗೇ ಐತಿ, ಚಾವಿ ಅವ್ವನ ಕಡೆ

1/6
ಕ್ಲಾಸ್ ಗ್ರೂಪ್‌ನಲ್ಲಿ ಯಾರದರ ಹೊಸ ಲ್ಯಾಪ್‌ಟಾಪ್ ಫೋಟೋ ಬಿದ್ದ ಕೂಡಲೇ ಬರೋ ಪ್ರಶ್ನೆ ಒಂದೇ: “ಯಾವ ಆಂಟಿವೈರಸ್ ಹಾಕ್ಲಿ?” ನನ್ನ ಉತ್ತರ: ಹೊಸದೇನೂ ಬ್ಯಾಡ. ವಿಂಡೋಸ್‌ನಲ್ಲಿ ಡಿಫೆಂಡರ್, ಫೈರ್‌ವಾಲ್ ಎರಡೂ ಮೊದಲಿಂದಲೇ ಅದಾವ, ಚಾಲೂನೂ ಇರ್ತಾವ. ಮನಿ ಕಂಪ್ಯೂಟರ್‌ಗೆ ಅಷ್ಟು ಸಾಕು. ಆದ್ರ ಇನ್ನೂ ಕೆಲವು ಸೆಟ್ಟಿಂಗ್ ನಾವೇ ಕೈಯಾರೆ ಆನ್ ಮಾಡೋತನಕ ಸುಮ್ನ ಕೂತಿರ್ತಾವ. ಅವುಗಳ ಬಗ್ಗೆ ಈ ಸರಣಿ. ರೊಕ್ಕ ಖರ್ಚಿಲ್ಲ. ಸಂಜಿಮುಂದ ಚಹಾ ಕುಡ್ಕೋತ ಮಾಡಿ ಮುಗಿಸ್ಬಹುದು.

2/6
ಯಾಕ ಇಷ್ಟು ಹೇಳ್ತೀನಂದ್ರ, ನಮ್ಮ ಕಾಕಾನ ಮನ್ಯಾಗ ಆದದ್ದು ಕೇಳ್ರಿ. ಮನಿಗೆಲ್ಲ ಒಂದೇ ಕಂಪ್ಯೂಟರ್, ಒಂದೇ ಅಕೌಂಟ್. ಕಾಕಾನ ಅಂಗಡಿ ಜಿಎಸ್‌ಟಿ ಲೆಕ್ಕ, ಅಕ್ಕನ ಪ್ರಾಜೆಕ್ಟ್, ತಮ್ಮನ ಗೇಮ್, ಎಲ್ಲಾ ಅದರಾಗೇ. ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ರ್ಯಾಕ್ ಒಂದನ್ನ ಇಳಿಸಿದ್ರು. ಅದರ ಜೋಡಿ ಬಂದ ಸೂಚನೆಯಲ್ಲಿ ಮೊದಲನೇ ಸಾಲೇ “ಡಿಫೆಂಡರ್ ಆಫ್ ಮಾಡಿ”. ಆಫ್ ಆತು. ಮರುದಿನ ನೋಡಿದ್ರ ಎಲ್ಲಾ ಫೈಲ್ ಹೆಸರಿನ ಕೊನೆಗೆ ಗೊತ್ತಿಲ್ಲದ ನಾಲ್ಕು ಅಕ್ಷರ. ಒಂದೂ ತೆರೀವಲ್ದು. ಜೋಡಿ ಒಂದು ಚೀಟಿ, ಡಾಲರ್‌ನಲ್ಲಿ ದುಡ್ಡು ಕೇಳೋದು.

ಲೆಕ್ಕಾನ ಬಿಲ್ ನೋಡಿ ಮತ್ತ ಬರ್ಕೊಂಡ್ರು. ಆಯಿ ಕಡೇ ಸಂಕ್ರಾಂತಿಗೆ ಹಾಡಿದ ವಿಡಿಯೋನೂ ಅದರಾಗೇ ಇತ್ತು. ಅದು ಮಾತ್ರ ಬರ್ಲಿಲ್ಲ.

ಇಲ್ಲೊಂದು ಗಮನಿಸ್ರಿ: ಕೀಲಿ ಯಾರೂ ಮುರೀಲಿಲ್ಲ, ಒಳಗಿನವರ ಕೈಲೇ ತೆಗೆಸಿದ್ರು. ಡಿಫೆಂಡರ್‌ನಲ್ಲಿ ‘ಟ್ಯಾಂಪರ್ ಪ್ರೊಟೆಕ್ಷನ್’ ಅಂತ ಐತಿ. ಅದು ಆನ್ ಇದ್ರ ಬ್ಯಾರೆ ಪ್ರೋಗ್ರಾಂ ಡಿಫೆಂಡರನ್ನ ಆರಿಸೋದು ಕಷ್ಟ. ಅದಕ್ಕೇ ಆ ಕೆಲಸಾನ ನಿಮಗ ಹಚ್ತಾರ.

3/6
ಹಂಗಾದ್ರ ಮೊದಲ ಕೆಲಸ, ಆರಿಸೋ ಅಧಿಕಾರ ನಮ್ಮ ದಿನದ ಅಕೌಂಟ್‌ನಿಂದ ತೆಗೆಯೋದು. ಕಂಪ್ಯೂಟರ್ ಶುರು ಮಾಡಿದಾಗ ಆಗೋ ಮೊದಲ ಅಕೌಂಟ್ ‘ಅಡ್ಮಿನಿಸ್ಟ್ರೇಟರ್’ ಆಗಿರುತ್ತದೆ. ಅದನ್ನ ಬದಿಗಿಡ್ರಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ‘ಅದರ್ ಯೂಸರ್ಸ್’ಗೆ ಹೋಗಿ, ಮನಿಯ ಒಬ್ಬೊಬ್ಬರಿಗೂ ಒಂದೊಂದು ‘ಸ್ಟ್ಯಾಂಡರ್ಡ್ ಯೂಸರ್’ ಅಕೌಂಟ್ ಮಾಡ್ರಿ. ಆಗ ತಮ್ಮನ ಗೇಮ್ ಜೋಡಿ ಏನರ ಹೊಕ್ರೂ ಅಕ್ಕನ ಅಕೌಂಟ್‌ನ ಡಾಕ್ಯುಮೆಂಟ್ಸ್‌ಗೆ ಸುಲಭಕ್ಕ ಕೈ ಹಾಕಾಕ ಬರಂಗಿಲ್ಲ.

ನಮ್ಮ ಮನ್ಯಾಗ ಅಡ್ಮಿನ್ ಪಾಸ್‌ವರ್ಡ್ ಇರೋದು ಅವ್ವನ ಕಡೆ. ಹೆಚ್ಚಿನ ಸಾಫ್ಟ್‌ವೇರ್ ಹಾಕೋವಾಗ, ಡಿಫೆಂಡರ್ ಆರಿಸೋವಾಗ ಪರದೆ ಮ್ಯಾಲೆ ಪಾಸ್‌ವರ್ಡ್ ಕೇಳ್ತೈತಿ. ಅವ್ವ ಎರಡೇ ಮಾತು ಕೇಳ್ತಾಳ: “ಯಾತಕ್ಕ ಬೇಕು? ಎಲ್ಲಿಂದ ತಂದಿ?” ಆಕೀಗೆ ಕಂಪ್ಯೂಟರ್ ಗೊತ್ತಿರಬೇಕಂತಿಲ್ಲ. ಈ ಎರಡಕ್ಕ ನೆಟ್ಟಗ ಉತ್ತರ ಬರ್ಲಿಲ್ಲಂದ್ರ ಆ ಫೈಲ್ ನಮಗ ಬ್ಯಾಡ, ಅಷ್ಟ.

4/6
ಆದ್ರ ನಿಮ್ಮ ಅಕೌಂಟ್‌ನಲ್ಲಿ ಓಡಿದ ಕೆಟ್ಟ ಪ್ರೋಗ್ರಾಂ ನಿಮ್ಮವೇ ಫೈಲ್‌ಗಳನ್ನ ಹಾಳು ಮಾಡ್ಬಹುದು. ಅದಕ್ಕ ಎರಡನೇ ಕೀಲಿ. ‘ವಿಂಡೋಸ್ ಸೆಕ್ಯುರಿಟಿ’ ತೆಗೆದು ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗ್ರಿ. ತಳಕ್ಕ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್, ಅದರಾಗ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’. ಮೊದಲಿಗೆ ಇದು ಆಫ್ ಇರ್ತೈತಿ. ಆನ್ ಮಾಡಿದ್ರ ನಂಬಿಕಸ್ತ ಅಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಲ್ಲಿ ಏನೂ ಬದಲಿಸೋಹಂಗಿಲ್ಲ.

ನಮ್ಮ ಕಡೆ ಮದುವಿ ಫೋಟೋದಿಂದ ಹಿಡಿದು ಮಾರ್ಕ್ಸ್‌ಕಾರ್ಡ್ ತನಕ ಎಲ್ಲಾ ಡಿ ಡ್ರೈವ್‌ನಾಗ ಇಡೋ ರೂಢಿ. ಈ ಪಟ್ಟಿಯಲ್ಲಿ ಡಿ ಡ್ರೈವ್ ತಾನಾಗೇ ಬರಂಗಿಲ್ಲ, ನೀವೇ ಸೇರಿಸ್ಬೇಕು. ಒಮ್ಮೊಮ್ಮೆ ಒಳ್ಳೇ ಸಾಫ್ಟ್‌ವೇರನ್ನೂ ತಡೀತೈತಿ. ಆಗ ಇಡೀ ಸೆಟ್ಟಿಂಗ್ ಆಫ್ ಮಾಡಬ್ಯಾಡ್ರಿ, ಅದೊಂದಕ್ಕ ಅಷ್ಟೇ ಅನುಮತಿ ಕೊಡ್ರಿ.

5/6
ಇನ್ನೆರಡು ಸಣ್ಣವು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡ್ರಿ. 2000ದ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್ ಕೆಡಿಸಿದ ‘ಐ ಲವ್ ಯೂ’ ವೈರಸ್ ಪ್ರೇಮಪತ್ರದ ಹೆಸರಿನಲ್ಲಿ ಬಂತು. ಹೆಸರಿನ ಕೊನೆಯ ತುಂಡನ್ನ ವಿಂಡೋಸ್ ಮುಚ್ಚಿಟ್ಟದ್ದರಿಂದ ಪ್ರೋಗ್ರಾಂ ಒಂದು ಬರೀ ಪಠ್ಯದ ಫೈಲ್‌ನಂಗ ಕಂಡಿತ್ತು. ಇವತ್ತೂ ‘ನೋಟ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಅನ್ನೋದು ಬರೇ ಪಿಡಿಎಫ್‌ನಂಗ ಕಾಣ್ತೈತಿ.

ಎರಡನೇದು ಅಪ್‌ಡೇಟ್. 2017ರ ಮೇ 12ಕ್ಕೆ ವಾನಾಕ್ರೈ ಹರಡಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಸಿಕ್ಕಿಬಿದ್ದವರಲ್ಲಿ ಬಹಳ ಮಂದಿ ಅದನ್ನ ಹಾಕ್ಕೊಂಡಿರಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದೈತಿ. ನಿಮ್ಮ ಮಷಿನ್ 11 ತಗೊಳ್ಳೋಹಂಗಿದ್ರ ತಡ ಮಾಡಬ್ಯಾಡ್ರಿ.

6/6
“ಒಂದು ಸಾಲದೇನು, ಇಷ್ಟ್ಯಾಕ?” ಅಂತೀರಿ. ನಮ್ಮ ಬೆಂಗೇರಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೆಂಗ ತಯಾರಾಗ್ತೈತಿ ನೆನಸ್ಕೋರಿ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟಿ ಇಲ್ಲಿಗೆ ಬರ್ತೈತಿ. ನೂಲು, ಬಣ್ಣ, ಅಶೋಕ ಚಕ್ರ, ಹೊಲಿಗಿ, ಹಂತಹಂತಕ್ಕೂ ಪರೀಕ್ಷೆ. ಒಬ್ಬರ ಕಣ್ಣು ತಪ್ಪಿದ್ದು ಮುಂದಿನವರಿಗೆ ಸಿಗ್ಲಿ ಅಂತ. ಈ ಸೆಟ್ಟಿಂಗ್‌ಗಳೂ ಹಂಗ.

ಎಲ್ಲಾ ತಪ್ಪಿದ್ರೂ ಉಳಿಯೋದು ಬ್ಯಾಕಪ್. ತಿಂಗಳಿಗೊಮ್ಮೆ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ವೈರ್ ತೆಗೆದು ಕಪಾಟಿನಾಗ ಇಡ್ರಿ. ಹಚ್ಚೇ ಬಿಟ್ರ ಅದಕ್ಕೂ ಅದೇ ಗತಿ. ಮೋಸದಿಂದ ರೊಕ್ಕ ಹೋದ್ರ ತಡ ಮಾಡದೆ 1930ಕ್ಕೆ ಫೋನ್ ಹಚ್ರಿ.

ಇವತ್ತು ಒಂದೇ ಮಾಡ್ತೀನಂದ್ರ ಮೂರನೇ ಭಾಗದ್ದು ಮಾಡ್ರಿ. ಮತ್ತ ನಿಮ್ಮ ಮನ್ಯಾಗ ಪಾಸ್‌ವರ್ಡ್ ಯಾರ ಕಡೆ ಕೊಡ್ತೀರಿ? ಪಾಸ್‌ವರ್ಡ್ ಬ್ಯಾಡ, ಅವ್ವನೋ ಅಪ್ಪನೋ ಅಷ್ಟ ಕಾಮೆಂಟ್‌ನಾಗ ಹೇಳ್ರಿ.

#ಬೆಂಗೇರಿ #ಹುಬ್ಬಳ್ಳಿ #ಮನಿಕಂಪ್ಯೂಟರ್