ದೂರವೂ ಕಾಲವೂ: ಮಾವಿನಕುರ್ವೆಯ ದಡದಲ್ಲೊಂದು ಚಿಂತನೆ

ಯಾವುದೇ ಊರಿಗೆ ಹೊರಟವರು ಮೊದಲು ಕೇಳುವುದು ‘ಎಷ್ಟು ದೂರ?’ ಎಂದು. ‘ಎಷ್ಟು ಹೊತ್ತು?’ ಎಂದು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಅರಿಯಬೇಕೆಂದರೆ ಉತ್ತರ ಕನ್ನಡದ ಕರಾವಳಿಗೆ ಹೋಗಬೇಕು.

ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ, ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕಿ, ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತಾಳೆ. ಅಳಿವೆಯ ಸಮೀಪ ಆಕೆಯ ಒಡಲಲ್ಲಿರುವ ನಡುಗಡ್ಡೆಯೇ ಮಾವಿನಕುರ್ವೆ. ನದಿ ನಡುವಿನ ನೆಲಕ್ಕೆ ಇಲ್ಲಿಯವರು ಕುರ್ವೆ ಎನ್ನುತ್ತಾರೆ. ಕುಮಟೆಯ ಕಡೆ ಐಗಳಕುರ್ವೆ, ಮಾಸೂರುಕುರ್ವೆಗಳೂ ಇವೆ. ಭಟ್ಕಳದ ಬಂದರಿನ ಬಳಿಯೂ ಮಾವಿನಕುರ್ವೆ ಎಂಬ ಊರಿದೆ. ಆದ್ದರಿಂದ ಹೊಸಬರು ತಾಲ್ಲೂಕಿನ ಹೆಸರು ಹೇಳಿಯೇ ದಾರಿ ಕೇಳುವುದು ಲೇಸು.

ತಾರಿಯಲ್ಲಿ ನಿಂತು ನೋಡಿದರೆ ಎದುರುದಡದ ತೆಂಗಿನಮರಗಳು ಕಣ್ಣಿಗೆ ಕಾಣುತ್ತವೆ. ಆದರೆ ದೋಣಿಯವನು ಗಡಿಯಾರದೊಂದಿಗೆ ಚಂದ್ರನನ್ನೂ ಗಮನಿಸಬೇಕು. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಪ್ರತಿದಿನವೂ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನೀರಿನ ಸೆಳೆತ ಅನುಕೂಲವಾಗಿದ್ದರೆ ದಾಟುವಿಕೆ ಹಗುರ, ಎದುರಾದರೆ ಶ್ರಮ. ದೂರ ಅಷ್ಟೇ, ಕಾಲ ಬೇರೆ.

ಇದು ನಮ್ಮ ಹಳ್ಳಿಗಳಿಗಷ್ಟೇ ಸೀಮಿತವಾದ ಮಾತಲ್ಲ. 2015ರಲ್ಲಿ ಅಣ್ಣ ಬಸವಣ್ಣನವರ ಪುತ್ಥಳಿ ಥೇಮ್ಸ್ ತೀರದಲ್ಲಿ ಅನಾವರಣಗೊಂಡ ಲಂಡನ್ ನಗರವನ್ನೇ ನೋಡೋಣ. ಅಲ್ಲಿಂದ ಪ್ಯಾರಿಸ್ಸಿಗೆ ಆಕಾಶಮಾರ್ಗದಲ್ಲಿ ಸುಮಾರು 340 ಕಿ.ಮೀ.; ವಿಮಾನಕ್ಕೆ ಒಂದೂಕಾಲು ಗಂಟೆ ಸಾಕು. 1994ರಲ್ಲಿ ತೆರೆದ, ಸುಮಾರು 50 ಕಿ.ಮೀ. ಉದ್ದದ ಕಡಲಡಿಯ ಸುರಂಗದಲ್ಲಿ ಸಾಗುವ ರೈಲಿಗೆ ಎರಡೂಕಾಲು ಗಂಟೆ ಬೇಕು. ಆದರೂ ಅನೇಕರು ರೈಲನ್ನೇ ಆರಿಸುತ್ತಾರೆ. ವಿಮಾನ ನಿಲ್ದಾಣವನ್ನು ಮುಟ್ಟುವುದು, ತಪಾಸಣೆಗೆ ಕಾಯುವುದು, ಇಳಿದ ಮೇಲೆ ನಗರ ಸೇರುವುದು ಇವೆಲ್ಲ ಹಾರಾಟದ ಲೆಕ್ಕದಲ್ಲಿ ಬರುವುದಿಲ್ಲ. ರೈಲಾದರೋ ಊರ ನಡುವಿನಿಂದ ಊರ ನಡುವಿಗೆ ಒಯ್ಯುತ್ತದೆ.

ನಮ್ಮ ಕರಾವಳಿಗೂ 1998ರಲ್ಲಿ ಕೊಂಕಣ ರೈಲು ಪೂರ್ಣರೂಪದಲ್ಲಿ ಬಂದಿತು. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿ.ಮೀ.ಗೂ ಮಿಗಿಲಾದುದು, ಇದೇ ಶರಾವತಿಯ ಮೇಲಿದೆ. ಮುಂಬಯಿ, ಮಂಗಳೂರುಗಳು ಹತ್ತಿರವಾದವು. ಆದರೆ ಕಾಯಿಲೆಯವರಿಗೆ ಎಲ್ಲವೂ ಹತ್ತಿರವಾಗಿಲ್ಲ. ದೊಡ್ಡ ಚಿಕಿತ್ಸೆಗಾಗಿ ಹೊನ್ನಾವರದ ಜನ ಸುಮಾರು 130 ಕಿ.ಮೀ. ದೂರದ ಮಣಿಪಾಲಕ್ಕೆ ಧಾವಿಸುತ್ತಾರೆ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೋಗುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಅಸುನೀಗಿದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಇನ್ನಷ್ಟು ಬಲವಾಯಿತು. ಆ ಕೂಗು ನ್ಯಾಯವಾದುದು. ಮೈಲಿಗಲ್ಲು ತೋರುವುದು ದೂರವನ್ನು. ಪ್ರಾಣ ಎಣಿಸುವುದು ನಿಮಿಷಗಳನ್ನು.

ಪರಸ್ಥಳದಲ್ಲಿ ಮಕ್ಕಳಿರುವ ತಂದೆತಾಯಿಗಳಿಗೂ ನಮ್ಮದೊಂದು ಮಾತು. ಮಗನು ವಿಮಾನದಲ್ಲಿ ಎಷ್ಟು ಗಂಟೆಗೆ ಬಂದಿಳಿಯುವನೆಂದಷ್ಟೇ ಎಣಿಸಬೇಡಿರಿ. ಅವನು ತನ್ನ ಮನೆಯ ಹೊಸಿಲಿಳಿದು ನಿಮ್ಮ ಹೊಸಿಲು ತುಳಿಯುವವರೆಗಿನ ಸಮಯವನ್ನು ಲೆಕ್ಕ ಹಾಕಿರಿ. ಕರೆಯಬೇಕಾದಾಗ ಸಂಕೋಚಪಡದೆ ಒಂದು ದಿನ ಮುಂಚಿತವಾಗಿಯೇ ಕರೆಯಿರಿ.