ಸ್ವಿಚ್ ಆಫ್

2024ರ ಜುಲೈ 16, ಮಂಗಳವಾರ. ತುಮಕೂರಿನ ಮನೆಯಲ್ಲೇ ಕೂತು ಕೋಡ್ ಬರೀತಿದ್ದೆ. ಕುಣಿಗಲ್ಲಿಂದ ಅಕ್ಕನ ಫೋನು: "ಅಂಕೋಲದ ಹತ್ರ ಗುಡ್ಡ ಕುಸಿದೈತಂತೆ ಕಣೋ. ನಿಮ್ ಭಾವನ ಫೋನು ಸ್ವಿಚ್ ಆಫ್ ಬರ್ತೈತೆ."

ಭಾವ ಲಾರಿ ಡ್ರೈವರ್. ಕಾರವಾರದಿಂದ ಮಂಗಳೂರಿಗೆ ಹೊರಟಿದ್ದರು. ರಾತ್ರಿ ಒಂಬತ್ತಕ್ಕೆ ಬೇರೆ ಯಾರದೋ ಫೋನಿಂದ ಮಾತಾಡಿದರು. ರಸ್ತೆ ಬಂದ್ ಆಗಿ ಅಂಕೋಲದಲ್ಲೇ ನಿಂತಿದ್ದರು, ಚಾರ್ಜ್ ಮುಗಿದಿತ್ತು, ಅಷ್ಟೆ.

ಗುಡ್ಡ ಕುಸಿದ ಶಿರೂರಿನಲ್ಲಿ ನಿಂತಿದ್ದ ಕೇರಳದ ಲಾರಿಯೊಂದು ಸಿಕ್ಕಿರಲಿಲ್ಲ. ಆವತ್ತಿಂದ ದಿನಾ ಸಂಜೆ ನನಗೆ ಅದೇ ಸುದ್ದಿ. ರಾಡಾರ್ ತಂದರು, ಡ್ರೋನ್ ಹಾರಿಸಿದರು. ಗಂಗಾವಳಿಯೊಳಗೆ ಲೋಹದ ಸುಳಿವೂ ಸಿಕ್ಕಿತು. ಆದರೆ ಮಳೆಗಾಲದ ಸೆಳೆತದಲ್ಲಿ ಮುಳುಗು ತಜ್ಞರಿಗೆ ತಳದಲ್ಲಿ ನಿಲ್ಲೋಕಾಗಲಿಲ್ಲ.

ಆಗಸ್ಟಿನಲ್ಲಿ ಗುಬ್ಬಿ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪ ಕೇಳಿದರು: "ಅಷ್ಟ್ ದೊಡ್ಡ ಲಾರಿನೇ ಕಾಣ್ಲಿಲ್ವೇನ್ಲಾ ನಿಮ್ ಮಿಷನ್ಗೆ?" ಬೋರ್‌ವೆಲ್ ಪಾಯಿಂಟ್ ನೋಡೋಕೆ ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸಿದಾಗ ನಕ್ಕಿದ್ದವನು ನಾನು. ರಾಡಾರ್ ನೆಲದೊಳಕ್ಕೆ ರೇಡಿಯೋ ಅಲೆ ಕಳಿಸುತ್ತೆ, ತಾಗಿ ವಾಪಸ್ ಬಂದದ್ದನ್ನು ಓದುತ್ತೆ, ಒದ್ದೆ ಜೇಡಿಮಣ್ಣು ಆ ಅಲೆಯನ್ನೇ ನುಂಗಿಬಿಡುತ್ತೆ ಅಂದೆ. "ಕೆರೆ ಗೋಡು ಎತ್ತಿನಗಾಡಿನೇ ನುಂಗ್ತೈತೆ, ಅಲೆ ಯಾವ ಲೆಕ್ಕ" ಅಂದರು.

ಕೊನೆಗೆ ಗೋವಾದಿಂದ ಡ್ರೆಜ್ಜರ್ ಬಂತು. ಸೆಪ್ಟೆಂಬರ್ 25ರಂದು, 72ನೇ ದಿನ, ನದಿಯಿಂದ ಲಾರಿ ಮೇಲೆದ್ದಿತು. ಕ್ಯಾಬಿನ್ನಿನಲ್ಲೇ ಚಾಲಕನ ದೇಹ ಇತ್ತು.

ಅಕ್ಕನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಮನೆಯವ್ರಿಗೆ ಕಾಯೋದಾದ್ರೂ ಮುಗೀತು" ಅಂದಳು.

ನಾವು ಕಾದಿದ್ದು ಒಂದೇ ಹಗಲು. ಭಾವನಿಗೊಂದು ಪವರ್ ಬ್ಯಾಂಕ್ ಕೊಡಿಸಿದ್ದು ಬಿಟ್ಟರೆ ನನ್ನ ಬಿಇ ಇದರಲ್ಲಿ ಇನ್ನೇನೂ ಮಾಡಲಿಲ್ಲ.